ಸೆಕೆಂಡಿಗೊಂದು ಹನಿ

ಕರೇಕಲ್ಲಹಳ್ಳಿಯ ಪಂಪ್‌ಹೌಸಿನಿಂದ ಮೂರನೆಯ ಸಲ ಹೊಗೆ ಬಂದದ್ದು ಫೆಬ್ರವರಿ ಹತ್ತೊಂಬತ್ತರಂದು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಮೊದಲ ಸಲ ಬಂದಾಗ ಊರಿನ ಮೂವತ್ತು ಜನ ಓಡಿ ಬಂದಿದ್ದರು. ಎರಡನೆಯ ಸಲ ಹನ್ನೊಂದು ಜನ. ಮೂರನೆಯ ಸಲ ಹೊನ್ನಕ್ಕ ಒಬ್ಬಳೇ ಬಂದಳು, ಅದೂ ಅವಳ ಆಡುಗಳು ಆ ಕಡೆಗೆ ನುಗ್ಗಿದ್ದರಿಂದ.

"ಲೇ ಪಾಲ, ಮತ್ತೆ ಸುಟ್ಯೇನ್ಲಾ?"

ಪಾಲಪ್ಪ ಮೋಟಾರು ಆರಿಸಿ, ಹೊರಗೆ ಬಂದು, ಟವೆಲಿನಿಂದ ಮುಖ ಒರೆಸಿಕೊಂಡ. "ನಾನೆಲ್ಲಿ ಸುಡ್ಲಿ? ಅದೇ ಸುಟ್ಕಂತದೆ."

"ನಮ್ಮನೆ ಒಲೆಗೆ ಮೂರು ಸಲ ಊದಿದ್ರೂ ಹೊತ್ತಲ್ಲ. ನಿಂದು ನೀರಾಗೇ ಹೊತ್ತತದೆ."

ಪಾಲಪ್ಪನಿಗೆ ಐವತ್ತೇಳು ವರ್ಷ. ಅವನ ತಂದೆ ಊರ ಕೆರೆಯ ನೀರಗಂಟಿಯಾಗಿದ್ದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸವಾಗಿತ್ತು. ಈಗ ಮೂರು ಹಳ್ಳಿಯ ಕುಡಿಯುವ ನೀರು ಗುಡ್ಡದ ಮೇಲಿನ ಟ್ಯಾಂಕಿಗೆ ಏರುವುದು ಹದಿನೈದು ಅಶ್ವಶಕ್ತಿಯ ಪಂಪಿನಿಂದ. ಆದರೂ ಜನ ಪಾಲಪ್ಪನನ್ನು ಕರೆಯುವುದು ನೀರಗಂಟಿ ಎಂದೇ. ಪಂಪ್‌ಹೌಸಿನ ಬೀಗದ ಕೈ ಹತ್ತೊಂಬತ್ತು ವರ್ಷಗಳಿಂದ ಅವನ ಉಡಿದಾರದಲ್ಲಿದೆ. ಸ್ನಾನ ಮಾಡುವಾಗಲೂ ತೆಗೆಯುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಅವನ ಫೋನಿಗೆ ಮಧುಗಿರಿಯಿಂದ ಒಂದು ಪತ್ರದ ಫೋಟೊ ಬಂತು. ಪಂಪುಗಳ ನಿರ್ವಹಣೆ ವಹಿಸಿಕೊಂಡ ಏಜೆನ್ಸಿಯ ಸೂಪರ್‌ವೈಸರ್ ರಂಗರಾಜು ಸಹಿ ಹಾಕಿದ್ದರು. ಎರಡು ತಿಂಗಳಲ್ಲಿ ಮೂರು ಸಲ ಗ್ಲಾಂಡ್ ಪ್ಯಾಕಿಂಗ್ ಸುಟ್ಟಿರುವುದನ್ನು ಆಪರೇಟರರ ನಿರ್ಲಕ್ಷ್ಯವೆಂದು ಪರಿಗಣಿಸಲಾಗಿದೆ. ಮಾರ್ಚ್ ಹದಿನೆಂಟರಂದು ತಪಾಸಣೆ ನಡೆಯಲಿದೆ. ಅಷ್ಟರೊಳಗೆ ಇನ್ನೊಮ್ಮೆ ಸುಟ್ಟಲ್ಲಿ ಸ್ವಯಂಚಾಲಿತ ಪ್ಯಾನಲ್ ಅಳವಡಿಸಿ ಆಪರೇಟರರನ್ನು ಕೈಬಿಡಲಾಗುವುದು. ಪಾಲಪ್ಪ ಪತ್ರವನ್ನು ಎರಡು ಸಲ ಓದಿದ. ಆಮೇಲೆ ಉಡಿದಾರ ಮುಟ್ಟಿ ನೋಡಿಕೊಂಡ.

ಮರುದಿನ ಬೆಳಿಗ್ಗೆ ಏಜೆನ್ಸಿಯ ಫಿಟ್ಟರ್ ಪವಿತ್ರ ಸ್ಕೂಟರಿನಲ್ಲಿ ಬಂದಳು. ಗೌಡಗೆರೆಯ ಹುಡುಗಿ, ಐಟಿಐ ಓದಿದವಳು, ಇಪ್ಪತ್ತೇಳು ವರ್ಷ. ಸ್ಕೂಟರಿನ ಮುಂದೆ ಟೂಲ್ ಪೆಟ್ಟಿಗೆ, ಹಿಂದಿನ ಸೀಟಿನಲ್ಲಿ ಗೋಣಿಚೀಲದಲ್ಲಿ ಸುತ್ತಿ ಹಗ್ಗದಿಂದ ಕಟ್ಟಿದ ಹೊಸ ಇಂಪೆಲ್ಲರ್, ಪಂಪಿನೊಳಗೆ ತಿರುಗಿ ನೀರೆತ್ತುವ ಚಕ್ರ. ಮಿಡಿಗೇಶಿ ಬಸ್‌ಸ್ಟಾಪಿನಲ್ಲಿ ಇಬ್ಬರು ಅದನ್ನು ಹಲಸಿನ ಹಣ್ಣೆಂದು ತಿಳಿದು ವಿಚಾರಿಸಿದ್ದರು.

"ಈ ಸಲ ಬರೀ ಪ್ಯಾಕಿಂಗ್ ಹಗ್ಗ ಬದಲಾಯಿಸಿದ್ರೆ ಆಗಲ್ಲ ಪಾಲಪ್ಪಣ್ಣ. ಬಿಚ್ಚೇ ನೋಡೋಣ. ಟ್ಯಾಂಕು ತುಂಬೋಕೆ ಎಷ್ಟೊತ್ತು ಆಗ್ತಿದೆ?"

"ಮೊದ್ಲು ನಾಕು ಗಂಟೆ. ಈಗ ಆರು."

ಇಬ್ಬರೂ ಸೇರಿ ಬಿಚ್ಚಿದರು. ಹಳೆಯ ಇಂಪೆಲ್ಲರ್ ಹೊರಗೆ ಬಂದಾಗ ಅದರ ಬಾಯಿಯ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಸಂಪಿನ ಮರಳು ಏಳು ವರ್ಷ ಅದನ್ನು ತೇಯ್ದಿತ್ತು. ಅಂಚಿಗೂ ಅದರ ಸುತ್ತಲಿನ ಬಳೆಗೂ ನಡುವೆ ಕೂದಲೆಳೆಯಷ್ಟು ಇರಬೇಕಾದ ಸಂದಿನಲ್ಲಿ ಪವಿತ್ರಳ ಕಿರುಬೆರಳಿನ ಉಗುರು ಆರಾಮಾಗಿ ಹೋಯಿತು. ಮೇಲಕ್ಕೆ ಹೋಗಬೇಕಾದ ನೀರು ಆ ಸಂದಿನಲ್ಲಿ ಹಿಂದಕ್ಕೆ ಸುತ್ತುತ್ತಿತ್ತು. ಇಂಪೆಲ್ಲರ್, ಬಳೆ ಎರಡನ್ನೂ ಬದಲಾಯಿಸಬೇಕೆಂಬುದರಲ್ಲಿ ಪಾಲಪ್ಪನಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ಪ್ಯಾಕಿಂಗಿನ ವಿಷಯದಲ್ಲಿ. ಪಂಪಿನ ಒಳಗೆ ಒತ್ತಡದ ನೀರು, ಹೊರಗೆ ಮೋಟಾರು. ಎರಡನ್ನೂ ಸೇರಿಸುವ ಶಾಫ್ಟು ಒಂದು ತೂತಿನ ಮೂಲಕ ಹಾದು ಹೋಗುತ್ತದೆ. ಆ ತೂತಿನ ಸಂದಿಗೆ ಗ್ರಾಫೈಟ್ ಬಳಿದ ಚೌಕದ ಹಗ್ಗವನ್ನು ಬಳೆಬಳೆಯಾಗಿ ತುರುಕಿ, ಹೊರಗಿನಿಂದ ಎರಡು ನಟ್ಟು ಹಾಕಿ ಅಮುಕುತ್ತಾರೆ. ಆ ಜಾಗವೇ ಗ್ಲಾಂಡ್, ಆ ಹಗ್ಗವೇ ಪ್ಯಾಕಿಂಗ್. ಪವಿತ್ರ ಕೊಕ್ಕೆ ಹಾಕಿ ಹಳೆಯ ಹಗ್ಗ ಎಳೆದಳು. ಐದು ಬಳೆಯೂ ಇದ್ದಿಲಾಗಿ ಪುಡಿಪುಡಿಯಾಗಿ ಬಂದವು. ಶಾಫ್ಟಿಗೆ ತೊಡಿಸಿದ್ದ ಕಂಚಿನ ಕೊಳವೆಯ ಮೇಲೆ ಆಳವಾದ ಗೀರುಗಳಿದ್ದವು.

ಪಾಲಪ್ಪ ಆ ಗೀರಿನ ಮೇಲೆ ಬೆರಳಾಡಿಸಿದ. "ಹಳೇ ಬಾವಿ ಕಟ್ಟೆ ಕಲ್ಲಿನ ಮೇಲೆ ಇಂಗೇ ಇರ್ತಿತ್ತು ಕಣಮ್ಮ. ಕೊಡದ ಹಗ್ಗ ಉಜ್ಜಿ ಉಜ್ಜಿ."

"ಬಾವಿ ಕಲ್ಲಿಗೆ ಅಷ್ಟಾಗೋಕೆ ನೂರು ವರ್ಷ ಬೇಕು. ನೀವು ಎರಡು ತಿಂಗಳಲ್ಲಿ ಮಾಡಿದ್ದೀರ."

ಅವಳು ಹೊಸ ಕೊಳವೆ ತೊಡಿಸಿದಳು. ಹೊಸ ಹಗ್ಗವನ್ನು ಓರೆಯಾಗಿ ಕತ್ತರಿಸಿ ಐದು ಬಳೆ ಮಾಡಿದಳು. ಒಂದರ ಜೋಡು ಮೇಲೆ ಬಂದರೆ ಮುಂದಿನದರ ಜೋಡು ಪಕ್ಕಕ್ಕೆ ಬರುವಂತೆ ಒಂದೊಂದಾಗಿ ತಳ್ಳಿದಳು. ಇಟ್ಟಿಗೆ ಗೋಡೆ ಕಟ್ಟಿದಂತೆ, ಎಂದು ಪಾಲಪ್ಪ ಮೆಚ್ಚಿದ. ಸಂಜೆ ನಾಲ್ಕಕ್ಕೆ ಪಂಪು ಶುರುವಾಯಿತು. ಒತ್ತಡದ ಮುಳ್ಳು ವರ್ಷಗಳಿಂದ ಏರದ ಜಾಗಕ್ಕೆ ಏರಿತು. ಗ್ಲಾಂಡಿನಿಂದ ಟಪ್ ಎಂದು ಒಂದು ಹನಿ ನೆಲಕ್ಕೆ ಬಿತ್ತು. ಮತ್ತೊಂದು. ಪವಿತ್ರ ವಾಚು ನೋಡಿ ಎಣಿಸಿದಳು. ನಿಮಿಷಕ್ಕೆ ಐವತ್ತೆರಡು.

"ಆಯ್ತು," ಎಂದು ಸ್ಪ್ಯಾನರನ್ನು ಗೋಡೆಯ ಮೊಳೆಗೆ ತಗುಲಿಸಿದಳು.

"ಎಲ್ಲಾಯ್ತು? ಸೋರ್ತಾ ಐತಲ್ಲ."

"ಸೋರ್ಬೇಕು ಅಣ್ಣ. ನಿಮಿಷಕ್ಕೆ ನಲವತ್ತರಿಂದ ಅರವತ್ತು, ಸೆಕೆಂಡಿಗೊಂದು ಹನಿ ಅಂತಿಟ್ಕೊಳ್ಳಿ. ಶಾಫ್ಟು ತಿರುಗಿ ತಿರುಗಿ ಬಿಸಿ ಆಗುತ್ತೆ. ಆ ನೀರೇ ಹಗ್ಗನ ತಣ್ಣಗಿಡೋದು. ಅದು ಹಗ್ಗ ಕುಡಿಯೋ ನೀರು."

"ಹಗ್ಗಕ್ಕೂ ಬಾಯಾರ್ಕೆನಾ?"

"ಅದು ಮೂರು ಸಲ ಹೊಗೆ ಬಿಟ್ಟು ಕೇಳ್ತಲ್ಲ."

ಪಾಲಪ್ಪನ ಸಂಕಟ ಅರ್ಥವಾಗಬೇಕಾದರೆ ಕರೇಕಲ್ಲಹಳ್ಳಿ ಗೊತ್ತಿರಬೇಕು. ಅಲ್ಲಿ ತೊಟ್ಟಿಕ್ಕುವ ನಲ್ಲಿಯನ್ನು ಕಂಡೂ ಮುಂದೆ ಹೋದವನನ್ನು ಜನ ಹೆಸರಿಟ್ಟು ನೆನಪಿಡುತ್ತಾರೆ. ಸಂಬಂಧ ನೋಡಲು ಬಂದವರು ಹುಡುಗಿಗಿಂತ ಮೊದಲು ಹಿತ್ತಲಿನ ನಲ್ಲಿ ನೋಡುತ್ತಾರೆ. 2016ರಲ್ಲಿ ಒಂದು ಮದುವೆ ನಲ್ಲಿಯ ವಾಷರಿನಿಂದ ಮುರಿದು, ವಾಷರ್ ಬದಲಿಸಿದ ಮೇಲೆ ಮತ್ತೆ ಕೂಡಿತ್ತು. ಅಂಥ ಊರಿನ ನೀರಗಂಟಿ ತನ್ನ ಪಂಪ್‌ಹೌಸಿನ ನೆಲದ ಮೇಲೆ ನೀರು ಬೀಳುವುದನ್ನು ಕೈಕಟ್ಟಿ ನೋಡಬೇಕಿತ್ತು. ಇದುವರೆಗೆ ಆ ನೆಲದ ಮೇಲೆ ಉಂಡೆದ್ದರೂ ತಟ್ಟೆಯ ತಳ ಒದ್ದೆಯಾಗುತ್ತಿರಲಿಲ್ಲ.

"ಇದುವರೆಗೂ ನೀವೇ ಬಿಗಿ ಮಾಡ್ತಿದ್ರಿ, ಅಲ್ವಾ?" ಎಂದಳು ಪವಿತ್ರ.

"ಮಾಡ್ತಿದ್ದೆ. ಎರಡ್ನೇ ಸಲ ಸುಟ್ಟಾಗ ನೀನು ಮುಟ್ಬ್ಯಾಡ ಅಂದ್ಮೇಲೆ ಮುಟ್ಟಿಲ್ಲ."

"ಹಂಗಾದ್ರೆ ಮೂರನೇ ಸಲ ಯಾಕೆ ಸುಡ್ತು?"

ಪಾಲಪ್ಪ ಬಗ್ಗಿ ಟವೆಲಿನಿಂದ ನೆಲದ ಹನಿ ಒರೆಸಿದ. ಪವಿತ್ರ ಬ್ಯಾಗಿನಿಂದ ಕೆಂಪು ನೈಲ್ ಪಾಲಿಶ್ ತೆಗೆದು ಎರಡೂ ನಟ್ಟಿನ ಮೇಲಿನ ಮುಖಕ್ಕೆ ಒಂದೊಂದು ಗೆರೆ ಎಳೆದು ಹೋದಳು.

ಹೊಸ ಪ್ಯಾಕಿಂಗನ್ನು ಮಾರನೆಯ ದಿನವೂ ನೋಡಬೇಕೆಂಬುದು ನಿಯಮ. ಇಪ್ಪತ್ತೊಂದರ ಸಂಜೆ ಬಂದಾಗ ನೆಲ ಒಣಗಿತ್ತು. ಗ್ಲಾಂಡಿನ ಮೇಲೆ ಕೈ ಇಟ್ಟವಳು ತಕ್ಷಣ ತೆಗೆದಳು. ನಟ್ಟಿಗೆ ಆರು ಮುಖ. ಕೆಂಪು ಗೆರೆ ನಾಲ್ಕು ಮುಖ ತಿರುಗಿ ಕೆಳಗೆ ಹೋಗಿತ್ತು.

"ಜುಂಜಪ್ಪನಾಣೆ!" ಎಂದ ಪಾಲಪ್ಪ, ಅವಳು ಕೇಳುವ ಮೊದಲೇ. "ನಾನು ಆ ನಟ್ಟು ಮುಟ್ಟಿದ್ರೆ ಜುಂಜಪ್ಪ ನನ್ನ ಸುಮ್ನೆ ಬುಡದು ಬ್ಯಾಡ."

ಜುಂಜಪ್ಪ ಅವನ ಹಟ್ಟಿಯ ದೇವರು. ಆ ಹೆಸರಿನಲ್ಲಿ ಅವನು ಹಿಂದೆ ಆಣೆ ಇಟ್ಟದ್ದು ಒಮ್ಮೆ, ಗಡಿಕಲ್ಲಿನ ವಿಷಯಕ್ಕೆ. ಪವಿತ್ರ ನಂಬಿದಳು. ನಟ್ಟು ಸಡಿಲಿಸಿ ಗೆರೆಯನ್ನು ಮತ್ತೆ ಮೇಲಕ್ಕೆ ತಂದಳು. ಮರುದಿನ ಬೆಳಿಗ್ಗೆ ಏಳಕ್ಕೇ ಬಂದು, ಪಂಪ್‌ಹೌಸಿನ ಮೂಲೆಯಲ್ಲಿ ಫಿಲ್ಟರ್ ತೊಳೆಯುವವಳಂತೆ ಕುಳಿತಳು. ಪಾಲಪ್ಪ ವಾಲ್ವು ತಿರುಗಿಸಲು ಊರೊಳಗೆ ಹೋದ.

ಏಳೂವರೆಗೆ ನಿವೃತ್ತ ಗಣಿತ ಮೇಷ್ಟ್ರು ಪರ್ವತಯ್ಯ ಬಂದರು. ಫ್ಯಾನಿನ ಕೆಳಗೆ ಕುಳಿತು ಪೇಪರ್ ಓದುವುದು ಅವರ ರೂಢಿ. ಮೊದಲ ಪುಟ ಮುಗಿದು ಎರಡನೆಯದು ತಿರುವುವಾಗ ಟಪ್ ಎಂಬ ಸದ್ದು ಕೇಳಿತು. ಪೇಪರ್ ಮಡಿಸಿ, ಎದ್ದು, ಮೊಳೆಯಿಂದ ಸ್ಪ್ಯಾನರ್ ತೆಗೆದು, ಎರಡೂ ನಟ್ಟುಗಳನ್ನು ಸಮವಾಗಿ ಒಂದೊಂದು ಮುಖ ತಿರುಗಿಸಿ, ಸ್ಪ್ಯಾನರನ್ನು ಮೊಳೆಗೆ ಹಾಕಿ, ಮತ್ತೆ ಕುಳಿತು ಮೂರನೆಯ ಪುಟ ತೆರೆದರು.

"ಮೇಷ್ಟ್ರೇ," ಎಂದಳು ಪವಿತ್ರ.

"ಏನಮ್ಮ?"

"ಈಗ ಏನು ಮಾಡಿದ್ರಿ?"

"ಪೇಪರ್ ಓದ್ತಿದ್ದೀನಿ," ಎಂದರು ಮೇಷ್ಟ್ರು ಪ್ರಾಮಾಣಿಕವಾಗಿ.

ಎಂಟೂಕಾಲಿಗೆ ಹಾಲಿನ ವ್ಯಾನಿನ ರಾಮಾಂಜನೇಯ ಬಂದ. ನಾಗಲಮಡಿಕೆ ಕಡೆಯವನು, ಫೋನ್ ಚಾರ್ಜಿಗೆ ಹಾಕಲು ಒಳಗೆ ಬರುತ್ತಾನೆ. "ಅಯ್ಯೋ, ನೀಳ್ಳು ಪೋತುನ್ನಾಯಿ ಕದಾ!" ಎಂದವನೇ ನೀರು ಹೋಗುತ್ತಿದೆಯೆಂಬ ಸಂಕಟದಲ್ಲಿ ಮೊಳೆಯ ಸ್ಪ್ಯಾನರನ್ನೂ ನೋಡದೆ ವ್ಯಾನಿನಿಂದ ತನ್ನದೇ ಸ್ಪ್ಯಾನರ್ ತಂದು ತಿರುಗಿಸಿದ. ಪವಿತ್ರಳನ್ನು ನೋಡಿ, "ಪರ್ವಾಲೇದಮ್ಮ, ಥ್ಯಾಂಕ್ಸ್ ಎಲ್ಲಾ ಬೇಡ," ಎಂದು ಹೋದ.

ಒಂಬತ್ತೂವರೆಗೆ ನೀರಿನ ಕ್ಲೋರಿನ್ ನೋಡಲು ಆಶಾ ಕಾರ್ಯಕರ್ತೆ ಚಿಕ್ಕಲಕ್ಷ್ಮಮ್ಮ ಬಂದಳು. ಬಲಗೈಯಲ್ಲಿ ನೀರಿನ ಸೀಸೆ ಹಿಡಿದಿದ್ದರಿಂದ ನಟ್ಟುಗಳನ್ನು ಎಡಗೈಯಲ್ಲಿ ತಿರುಗಿಸಿದಳು. "ಈ ಪಾಲಪ್ಪಣ್ಣ ಒಬ್ರೇ ಎಷ್ಟು ಅಂತ ನೋಡ್ಕಂತಾರೆ? ನಾವೂ ಒಂದು ಕೈ ಹಾಕ್ಬೇಕು," ಎಂದು ಪವಿತ್ರಳಿಗೆ ಉಪದೇಶವನ್ನೂ ಕೊಟ್ಟಳು.

ಮೂರು ಜನ, ಮೂರು ಮುಖ. ಪಾಲಪ್ಪ ಹಿಂತಿರುಗಿದಾಗ ಪವಿತ್ರ ಹೆಸರುಗಳನ್ನು ಹೇಳಿದಳು. ಅವನ ಮುಖ ಕೆಂಪಾಯಿತು.

"ಶಿಸ್ತಿಲ್ಲ ಕಣಮ್ಮ ಜನಕ್ಕೆ!" ಎಂದು ಪಂಪಿನ ಸುತ್ತ ಓಡಾಡತೊಡಗಿದ. "ಮೇಷ್ಟ್ರಿಗೆ ಯಾಕೆ ಬೇಕು ಪಂಪು? ನಾನು ಓಗಿ ಅವ್ರ ಲೆಕ್ಕ ತಿದ್ದಿದ್ನಾ? ಆ ರಾಮಾಂಜಿ ಹಾಲಿಗೆ ನೀರು ಬುಡ್ತಾನೆ, ಇಲ್ಲಿ ನೀರು ಉಳಿಸಾಕೆ ಬತ್ತಾನೆ. ಇವ್ರ ಒಳ್ಳೇತನಕ್ಕೆ ನನ್ನ ಕೆಲ್ಸ ಓಗ್ಬೇಕಾ? ಅವರವರ ಕೈ ಅವರವರ ಹಿಡಿತದಾಗೆ ಇರ್ಬೇಕು. ಇನ್ನೊಂದ್ಸಲ ಯಾವನಾದ್ರೂ ಈ ನಟ್ಟು ಮುಟ್ಲಿ, ಕೈ ಮುರ್ದು ಬುಡ್ತೀನಿ!"

"ಮುರೀರಿ ಅಣ್ಣ," ಎಂದಳು ಪವಿತ್ರ.

"ಯಾರ್ದು?"

ಅವಳು ಗೋಡೆಯ ಕಡೆ ತೋರಿಸಿದಳು. ಮೊಳೆಯ ಮೇಲೆ ಸ್ಪ್ಯಾನರ್ ಇನ್ನೂ ತೂಗಾಡುತ್ತಿತ್ತು.

ಪಾಲಪ್ಪ ಸ್ಪ್ಯಾನರ್ ನೋಡಿದ. ನಟ್ಟು ನೋಡಿದ, ಕೆಂಪು ಗೆರೆ ನಾಲ್ಕನೆಯ ಮುಖಕ್ಕೆ ಬಂದಿತ್ತು. ತನ್ನ ಬಲಗೈ ನೋಡಿದ. ಬೆರಳಿಗೆ ಗ್ರೀಸ್ ಅಂಟಿತ್ತು. ಸಿಮೆಂಟ್ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ನಾನಾ?"

"ರಾಮಾಂಜನೇಯನ ಹೆಸರು ಹೇಳುವಾಗ ಒಂದು ನಟ್ಟು. ಶಿಸ್ತು, ಹಿಡಿತ ಅನ್ನುವಾಗ ಇನ್ನೊಂದು."

ಅವನು ಬೆರಳಿನ ಗ್ರೀಸನ್ನು ಟವೆಲಿಗೆ ಒರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ಜುಂಜಪ್ಪನ ಮೇಲೆ ಆಣೆ ಇಟ್ಬುಟ್ನಲ್ಲಮ್ಮ," ಎಂದ.

ಬಾಗಿಲಾಚೆಯ ಬೇವಿನ ಮರದಡಿ ಕುಳಿತಿದ್ದ ಹೊನ್ನಕ್ಕ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಎರಡು ದಿನದಿಂದ ಅವಳು ಅಲ್ಲೇ ಇದ್ದಳು. ಅವಳ ಎರಡು ತಿಂಗಳ ಹೋತದ ಮರಿ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಿತ್ತು. ಬಿದಿರಿನ ದಬ್ಬೆ ಕಟ್ಟಿ, ನೆರಳಿನಲ್ಲಿ ಮಲಗಿಸಿ, ಉಳಿದ ಆಡುಗಳನ್ನು ಸೊಸೆಯೊಂದಿಗೆ ಕಳಿಸುತ್ತಿದ್ದಳು.

"ಜುಂಜಪ್ಪನೂ ದನ ಕಾಯ್ದೋನೇ ಕಣ್ಲಾ," ಎಂದಳು ಅಲ್ಲಿಂದಲೇ. "ಬೇಕಂತ ಸುಳ್ಳೇಳಿದ್ರೆ ಬ್ಯಾರೆ, ಕೈ ತಾನೇ ಓದ್ರೆ ಬ್ಯಾರೆ. ಅವ್ನಿಗೆ ತಿಳೀತದೆ. ಆ ಮಧುಗಿರಿ ರಂಗರಾಜಂಗೆ ತಿಳಿಯಾಕಿಲ್ಲ, ಅದನ್ನ ನೋಡ್ಕ."

ಚರ್ಚೆ ನಡೆಯಿತು. ಸ್ಪ್ಯಾನರನ್ನು ಬೀರುವಿನಲ್ಲಿಟ್ಟು ಬೀಗ ಹಾಕೋಣ ಎಂದಳು ಪವಿತ್ರ. ಬೀರುವಿನ ಬೀಗದ ಕೈಯೂ ತನ್ನ ಉಡಿದಾರದಲ್ಲೇ ಇದೆ, ತನ್ನ ಕೈ ಅಲ್ಲಿಗೂ ಹೋಗುತ್ತದೆ ಎಂದ ಪಾಲಪ್ಪ. ಬೋರ್ಡ್ ಬರೆಸೋಣ ಎಂದಳು. ಮೇಷ್ಟ್ರು ಬೋರ್ಡಿನ ಕಾಗುಣಿತ ತಿದ್ದಿ, ಆಮೇಲೆ ನಟ್ಟು ತಿರುಗಿಸುತ್ತಾರೆ ಎಂದ. ರಾಮಾಂಜನೇಯನ ಬಳಿಯಂತೂ ಸ್ವಂತ ಸ್ಪ್ಯಾನರೇ ಇತ್ತು.

"ಈ ಊರಾಗೆ ನೀರು ಸುಮ್ನೆ ಬೀಳೋದು ಯಾರ್ಗೂ ತಡೆಯಾಕಾಗಲ್ಲ ಕಣಮ್ಮ," ಎಂದ ಪಾಲಪ್ಪ. ನೆಲದ ಒದ್ದೆ ನೋಡಿದ. ಹೊರಗೆ ಮರಿಯ ಕಡೆ ನೋಡಿದ. "ಸುಮ್ನೆ ಬೀಳ್ದಿದ್ರೆ?"

ಪವಿತ್ರ ನಟ್ಟು ಸಡಿಲಿಸಿ ಕೆಂಪು ಗೆರೆಯನ್ನು ಮತ್ತೆ ಮೇಲಕ್ಕೆ ತಂದಳು. ಅವನು ತನ್ನ ಊಟದ ಡಬ್ಬಿಯ ಮುಚ್ಚಳ ತಂದು ಹನಿ ಬೀಳುವ ಜಾಗಕ್ಕೆ ಇಟ್ಟ. ಆಮೇಲೆ ಅದು ಸಾಲದೆಂದು ಮನೆಯಿಂದ ಅಲ್ಯುಮಿನಿಯಂ ಪಾತ್ರೆ ತಂದ. ಪವಿತ್ರ ಲೆಕ್ಕ ಹಾಕಿದಳು: ಪಂಪು ದಿನಕ್ಕೆ ಓಡುವ ಹೊತ್ತಿಗೆ ಹೆಚ್ಚೂಕಮ್ಮಿ ಒಂದು ಲೀಟರು. ಮೂರು ಸಲ ಹೊಗೆ, ಒಂದು ಪತ್ರ, ಒಂದು ಆಣೆ, ಎಲ್ಲಕ್ಕೂ ಕಾರಣವಾದ ನೀರು ದಿನಕ್ಕೆ ಒಂದು ಬಾಟಲಿ. ಆದರೆ ಅಷ್ಟು ನೀರು ಆ ಮರಿಗೆ ಸಾಕಾಗಿತ್ತು.

"ಹೊನ್ನಕ್ಕ, ಈ ನೀರು ನಿನ್ನ ಮರೀದು," ಎಂದು ಪಾಲಪ್ಪ ಎರಡೂ ಕೈಯಿಂದ ಸ್ಪ್ಯಾನರ್ ಒಪ್ಪಿಸಿದ. "ಇದು ನಿನ್ನತ್ರ ಇರ್ಲಿ. ನಾನು ಕೇಳಿದ್ರೂ ಕೊಡ್ಬ್ಯಾಡ."

"ನೀನು ಕೇಳಿದ್ರೆ ಮೊದ್ಲು ಇದ್ರಾಗೇ ಒಂದು ಕೊಡ್ತೀನಿ," ಎಂದು ಹೊನ್ನಕ್ಕ ಸ್ಪ್ಯಾನರನ್ನು ಎಲೆಅಡಿಕೆಯ ಚೀಲದ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ಮೂರೂವರೆ ವಾರ ಪಂಪ್‌ಹೌಸಿನ ಬಾಗಿಲಲ್ಲಿ ನಡೆದ ಮಾತುಗಳು ಊರಿನಲ್ಲಿ ಈಗಲೂ ಚಾಲ್ತಿಯಲ್ಲಿವೆ. ಮೇಷ್ಟ್ರು ಪೇಪರ್ ಮಡಿಸಿದ ಕೂಡಲೇ "ಕೂತ್ಕಳಿ ಮೇಷ್ಟ್ರೇ, ನಾಲ್ಕನೇ ಪುಟ ಬಾಕಿ ಐತೆ" ಎಂದು ಹೊರಗಿನಿಂದ ದನಿ ಬರುತ್ತಿತ್ತು. ರಾಮಾಂಜನೇಯ ವ್ಯಾನಿನಿಂದ ಸ್ಪ್ಯಾನರ್ ತಂದ ದಿನ ಹೊನ್ನಕ್ಕ ಆಡಿನ ಕೋಲು ಅಡ್ಡ ಹಿಡಿದು, ಮೂಕಪ್ರಾಣಿಯ ಬಾಯಿಗೆ ಬೀಳುವ ನೀರನ್ನು ಕಿತ್ತುಕೊಳ್ಳುವ ಹಾಲಿನವನನ್ನು ತಾನು ಮೊದಲ ಬಾರಿಗೆ ನೋಡುತ್ತಿದ್ದೇನೆ ಎಂದು ಮೂರು ಹಳ್ಳಿಗೆ ಕೇಳುವಂತೆ ಹೇಳಿದಳು. ಅವನು ಮರುದಿನ ಮರಿಗೆ ಹುರುಳಿ ತಂದ. ಪಾಲಪ್ಪ ಮಾತ್ರ ಪಂಪಿನ ಹತ್ತಿರ ಹೋಗುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳತೊಡಗಿದ. ನೀರಗಂಟಿಗೆ ಈಚೆಗೆ ಗತ್ತು ಬಂದಿದೆ ಎಂದು ಕೆಲವರು ಆಡಿಕೊಂಡರು.

ಮಾರ್ಚ್ ಹದಿನೆಂಟರಂದು ಹನ್ನೊಂದು ಗಂಟೆಗೆ ರಂಗರಾಜು ಬಂದರು. ಕೈಯಲ್ಲಿ ತಪಾಸಣೆಯ ನಮೂನೆ, ಜೊತೆಯಲ್ಲಿ ಪವಿತ್ರ. ಒತ್ತಡ ನೋಡಿದರು, ಬರೆದುಕೊಂಡರು. ಟ್ಯಾಂಕು ನಾಲ್ಕು ಗಂಟೆಯಲ್ಲಿ ತುಂಬುತ್ತಿದೆ ಎಂದು ಕೇಳಿ ತಲೆಯಾಡಿಸಿದರು. ಆಮೇಲೆ 'ಸೋರಿಕೆ: ಇದೆ, ಇಲ್ಲ' ಎಂಬ ಸಾಲಿಗೆ ಬಂದರು. ಆ ಸಾಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ 'ಇಲ್ಲ' ಎಂದೇ ಗುರುತು ಬಿದ್ದಿತ್ತು.

ಟಪ್ ಎಂದಿತು.

"ಏನ್ರೀ ಪಾಲಪ್ಪ ಇದು, ನೀರು ಸೋರ್ತಾ ಇದೆ!" ಎನ್ನುತ್ತಲೇ ರಂಗರಾಜು ಎಡಗೈಗೆ ನಮೂನೆ ಬದಲಾಯಿಸಿ ಬಲಗೈಯನ್ನು ಗೋಡೆಯ ಮೊಳೆಗೆ ಚಾಚಿದರು. ಬೆರಳುಗಳು ಬರೀ ಮೊಳೆಯನ್ನು ತಡಕಿದವು. "ಸ್ಪ್ಯಾನರ್ ಎಲ್ಲಿ?"

"ಐತೆ ಸ್ವಾಮಿ. ಬಂದು ತಗಳಿ," ಎಂದಿತು ಹೊರಗಿನ ದನಿ.

ಪಾಲಪ್ಪ ಬೆನ್ನ ಹಿಂದೆ ತನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಈಗ ಒಂದು ಮಾತು ತಪ್ಪಿದರೂ ಉಡಿದಾರ ಬರಿದಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಸಾರ್, ಗ್ಲಾಂಡ್ ಮೇಲೆ ಕೈ ಇಡಿ."

ರಂಗರಾಜು ಅನುಮಾನದಿಂದಲೇ ಇಟ್ಟರು.

"ಸುಡ್ತದಾ?"

"ಇಲ್ಲ. ತಣ್ಣಗಿದೆ."

"ಈಗ ವಾಚ್ ನೋಡ್ಕಂಡು ಎಣಿಸಿ ಸಾರ್."

ರಂಗರಾಜು ವಾಚಿನ ಮೇಲೆ ಕಣ್ಣಿಟ್ಟು ಒಂದು ನಿಮಿಷ ಎಣಿಸಿದರು. ಪರ್ವತಯ್ಯ ಮೇಷ್ಟ್ರೂ ಪೇಪರಿನ ಹಿಂದೆ ಬೆರಳು ಮಡಿಸುತ್ತಿದ್ದರು.

"ಐವತ್ತೆರಡು," ಎಂದರು ರಂಗರಾಜು.

"ಐವತ್ಮೂರು. ಮೊದಲನೆಯದನ್ನ ಬಿಟ್ರಿ," ಎಂದರು ಮೇಷ್ಟ್ರು.

"ನಲವತ್ತರಿಂದ ಅರವತ್ತರೊಳಗೆ ಇರ್ಬೇಕು ಸಾರ್," ಎಂದ ಪಾಲಪ್ಪ. "ಅದು ಹಗ್ಗ ಕುಡಿಯೋ ನೀರು. ನಿಮ್ಮ ನಮೂನೇಲಿ 'ಇಲ್ಲ' ಅಂತ ಗುರುತು ಹಾಕಿಸ್ಕಳಾಕೆ ಓಗಿ ಓಗಿ ನಾನೇ ಹಗ್ಗ ಸುಟ್ಟೆ. ತಪ್ಪು ನಂದೇ. ಈಗ ಸುಡಲ್ಲ."

ರಂಗರಾಜು ಪವಿತ್ರಳ ಕಡೆ ನೋಡಿದರು. ಅವಳು ಕೆಂಪು ಗೆರೆ ತೋರಿಸಿದಳು. ಇಪ್ಪತ್ನಾಲ್ಕು ದಿನಗಳಿಂದ ಇದ್ದಲ್ಲೇ ಇತ್ತು. ಅವರು ಪೆನ್ನು ತೆಗೆದು 'ಇದೆ' ಎಂಬಲ್ಲಿ ಗುರುತು ಹಾಕಿ, ಸ್ವಲ್ಪ ಯೋಚಿಸಿ, ಪಕ್ಕದಲ್ಲಿ 'ಇರಬೇಕು' ಎಂದು ಬರೆದು ಸಹಿ ಮಾಡಿದರು. ಸ್ವಯಂಚಾಲಿತ ಪ್ಯಾನಲಿನ ಮಾತು ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಹನಿಯ ಕಡೆ ಇನ್ನೊಮ್ಮೆ ನೋಡಿ, ತಮ್ಮ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು.

ಅಂದಿನಿಂದ ಪಾಲಪ್ಪನ ರಿಜಿಸ್ಟರಿನಲ್ಲಿ 'ಹನಿ' ಎಂದು ಒಂದು ಹೊಸ ಕಾಲಂ ಇದೆ. ಬೀಗದ ಕೈ ಉಡಿದಾರದಲ್ಲೇ ಇದೆ. ದಿನವೂ ಎಣಿಸಿ ಬರೆದು, ಪುಟದ ಫೋಟೊ ಪವಿತ್ರಳಿಗೆ ಕಳಿಸುತ್ತಾನೆ. ಐವತ್ತೆರಡು, ಐವತ್ತೊಂದು, ಐವತ್ಮೂರು. ಏಪ್ರಿಲ್ ನಾಲ್ಕರಂದು ಮಾತ್ರ ತೊಂಬತ್ತಾರು ಎಂದಿತ್ತು. ಷರಾ ಕಾಲಂನಲ್ಲಿ ಅವನು ದುಂಡಗೆ ಬರೆದಿದ್ದ: 'ಹೊನ್ನಕ್ಕನವರ ಆಡು ಅವಳಿ ಮರಿ ಹಾಕಿದೆ. ಹಾಲೂಡುವ ಆಡಿಗೆ ನೀರು ಸಾಲದೆಂದು ಹೊನ್ನಕ್ಕನವರು ಒಂದು ಮುಖ ಸಡಿಲಿಸಿದ್ದಾರೆ. ಸ್ಪ್ಯಾನರ್ ಕೇಳಿದೆ, ಕೊಡಲಿಲ್ಲ.'

ಹತ್ತು ನಿಮಿಷದಲ್ಲಿ ಪವಿತ್ರಳ ಉತ್ತರ ಬಂತು. 'ಪರವಾಗಿಲ್ಲ ಅಣ್ಣ. ಮರಿ ಹಾಲು ಬಿಟ್ಟ ಮೇಲೆ ಐವತ್ತೆರಡಕ್ಕೆ ತರಲು ಹೇಳಿ.'